ತೊರವಿಯಿಂದ ಕೊಲ್ಹಾರದವರೆಗೆ: ವಿಜಯಪುರ ಕುಡಿದ ನೀರಿನ ಕಥೆ

ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ನೋಡುತ್ತಾರೆ. ಇಬ್ರಾಹಿಂ ರೋಜಾ, ಬಾರಾ ಕಮಾನ್ ನೋಡುತ್ತಾರೆ, ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅದೇ ಊರಲ್ಲಿ ಅಲ್ಲಲ್ಲಿ ನಿಂತಿರುವ ಕಲ್ಲಿನ ಚೌಕ ಗೋಪುರಗಳನ್ನು ಯಾರೂ ಕೇಳುವುದಿಲ್ಲ. ಅವುಗಳಿಗೆ ಗುಮ್ಮಟ ಇಲ್ಲ, ಕೆತ್ತನೆ ಇಲ್ಲ. ಕೆಲವಕ್ಕೆ ಮನೆಯ ಗೋಡೆ ತಾಗಿಸಿ ಕಟ್ಟಿದ್ದಾರೆ. ಕೆಲವುಗಳ ನೆತ್ತಿಯ ಮೇಲೆ ಆಲದ ಗಿಡ ಬೆಳೆದಿದೆ.

ಅವುಗಳ ಹೆಸರು ಗಂಜ್. ಅವು ನೀರಿನ ಗೋಪುರಗಳು. ನಾಲ್ಕು ನೂರು ವರ್ಷಗಳ ಹಿಂದೆ ಕರೆಂಟಿಲ್ಲದೆ, ಮೋಟಾರಿಲ್ಲದೆ ಈ ಊರಿನ ನೆಲದಡಿಯಲ್ಲಿ ಕೊಳವೆ ಹಾಕಿ ನೀರು ಹರಿಸಿದ್ದರು ಎನ್ನುವುದಕ್ಕೆ ಅವೇ ಸಾಕ್ಷಿ.

ಆ ಕಾಲದಿಂದ ಇವತ್ತಿನವರೆಗೆ ವಿಜಯಪುರ ಎಲ್ಲಿಯ ನೀರು ಕುಡಿಯಿತು, ಹೇಗೆ ಕುಡಿಯಿತು, ಯಾಕೆ ಮತ್ತೆ ಮತ್ತೆ ಬಾಯಾರಿತು ಎನ್ನುವುದನ್ನು ಇಲ್ಲಿ ಬರೆದಿದ್ದೇವೆ. ಇದು ಪಟ್ಟಣದ ಕಥೆ. ಆದರೂ ಹಳ್ಳಿಯವರು ಓದಬೇಕು. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಐದು ನದಿಗಳ ಜಿಲ್ಲೆ, ನೀರಿಲ್ಲದ ಊರು

ಹಳೆಯ ಅಖಂಡ ಬಿಜಾಪುರ ಜಿಲ್ಲೆಯನ್ನು ಪಂಚನದಿಗಳ ನಾಡು ಎನ್ನುತ್ತಿದ್ದರು. ಕೃಷ್ಣಾ, ಭೀಮಾ, ಘಟಪ್ರಭಾ, ಮಲಪ್ರಭಾ, ಡೋಣಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಹೆಸರಿಗೆ ಐದು ನದಿ ಇದ್ದರೂ ಬರಗಾಲ ಅಂದರೆ ಮೊದಲು ನೆನಪಿಗೆ ಬರುವುದು ಇದೇ ಜಿಲ್ಲೆ.

ಕಾರಣ ಸರಳ. ನದಿಗಳೆಲ್ಲ ದೂರದಲ್ಲಿವೆ ಮತ್ತು ತಗ್ಗಿನಲ್ಲಿವೆ. ಊರು ಇರುವುದು ಎತ್ತರದ ಬಯಲಿನಲ್ಲಿ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ಎರಡೂ ಹತ್ತಿರವಿಲ್ಲ. ನಡುವೆ ಹರಿಯುವ ಡೋಣಿಯ ನೀರು ಉಪ್ಪು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಆ ಹೊಳೆಯ ದಂಡೆಯ ಎರೆ ಭೂಮಿಯನ್ನು ಹೊಗಳಿ. ಅದರ ನೀರನ್ನು ಯಾರೂ ಹೊಗಳಲಿಲ್ಲ.

ಮಳೆಯೂ ಕಡಿಮೆ. ವರ್ಷಕ್ಕೆ ಸರಾಸರಿ ಸುಮಾರು 600 ಮಿಲಿಮೀಟರ್, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ನೆಲದ ಮೇಲೆ ಕರಿ ಮಣ್ಣು, ಕೆಳಗೆ ಗಟ್ಟಿ ಕರಿ ಕಲ್ಲು. ಮಳೆ ನೀರು ಇಂಗುವುದೂ ಕಷ್ಟ, ಬಾವಿ ತೋಡುವುದೂ ಕಷ್ಟ.

ಇಂಥ ಜಾಗದಲ್ಲಿ ಆದಿಲ್‌ಶಾಹಿಗಳು ರಾಜಧಾನಿ ಮಾಡಿಕೊಂಡರು. 15ನೇ ಶತಮಾನದ ಕೊನೆಗೆ ಯೂಸುಫ್ ಆದಿಲ್ ಖಾನ್ ಶುರು ಮಾಡಿದ ಆಳ್ವಿಕೆ 1686ರವರೆಗೆ, ಅಂದರೆ ಸುಮಾರು ಇನ್ನೂರು ವರ್ಷ ನಡೆಯಿತು. ಕೋಟೆ, ಸೈನ್ಯ, ಆನೆ, ಕುದುರೆ, ಪೇಟೆ, ಮಸೀದಿ, ತೋಟ ಎಲ್ಲಕ್ಕೂ ನೀರು ಬೇಕಿತ್ತು. ಹೊಳೆ ಇಲ್ಲದ ಊರಿಗೆ ಅದನ್ನು ಎಲ್ಲಿಂದ ತಂದರು?

ತೊರವಿಯ ಸುರಂಗ

ಊರಿನ ಪಶ್ಚಿಮಕ್ಕೆ ಆರೇಳು ಕಿಲೋಮೀಟರ್ ದೂರದಲ್ಲಿ ತೊರವಿ ಇದೆ. ಕನ್ನಡದಲ್ಲಿ ತೊರವೆ ರಾಮಾಯಣ ಹುಟ್ಟಿದ ಊರು ಇದೇ. ಇಲ್ಲಿಯ ನರಸಿಂಹ ದೇವಸ್ಥಾನಕ್ಕೆ ಇಂದಿಗೂ ಸುತ್ತಲಿನ ಹಳ್ಳಿಯವರು ನಡೆದುಕೊಳ್ಳುತ್ತಾರೆ. ತೊರವಿ ಪಟ್ಟಣಕ್ಕಿಂತ ಎತ್ತರದಲ್ಲಿದೆ. ನೀರಿನ ಮಟ್ಟಿಗೆ ಅದೇ ಅದರ ದೊಡ್ಡ ಗುಣ.

1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತಿತು. ಗೆದ್ದ ಸುಲ್ತಾನರಲ್ಲಿ ಒಬ್ಬ ಬಿಜಾಪುರದ ಒಂದನೇ ಅಲಿ ಆದಿಲ್ ಶಾಹ. ಊರಿನ ಸುತ್ತ ಸುಮಾರು ಹತ್ತು ಕಿಲೋಮೀಟರ್ ಉದ್ದದ ಕೋಟೆ ಗೋಡೆ ಕಟ್ಟಿಸಿದವನು, ಜಾಮಿ ಮಸೀದಿ ಶುರು ಮಾಡಿದವನು ಇವನೇ. ತೊರವಿಯಿಂದ ನೀರು ತಂದ ಕೆಲಸವನ್ನೂ ಸಾಮಾನ್ಯವಾಗಿ ಇವನ ಕಾಲಕ್ಕೇ ಸೇರಿಸುತ್ತಾರೆ.

ತೊರವಿಯಲ್ಲಿ ಸುರಂಗ ಬಾವಡಿ ಎಂಬ ಜಾಗ ಇದೆ. ಅಲ್ಲಿ ಅಂತರ್ಜಲ ನೆಲದೊಳಗೆ ಕೊರೆದ ಸುರಂಗಕ್ಕೆ ಒಸರಿ, ಸುರಂಗದಲ್ಲೇ ಪಟ್ಟಣದ ಕಡೆ ಹರಿಯುತ್ತಿತ್ತು. ಈ ವಿದ್ಯೆ ಬಂದದ್ದು ಇರಾನ್ ಕಡೆಯಿಂದ. ಅಲ್ಲಿ ಇದಕ್ಕೆ ಖನಾತ್, ಕರೇಜ್ ಎನ್ನುತ್ತಾರೆ. ದಖ್ಖನ್ ಸುಲ್ತಾನರ ಆಸ್ಥಾನಗಳಿಗೆ ಇರಾನ್ ಕಡೆಯ ಜನ ಬಂದು ಹೋಗುತ್ತಿದ್ದರು. ಬೀದರ್‌ನಲ್ಲಿಯೂ ಬಹಮನಿ ಕಾಲದ ಕರೇಜ್ ಇದೆ.

ಇದರ ಕೆಲಸ ತಿಳಿಯುವುದು ಕಷ್ಟವಲ್ಲ. ಎತ್ತರದ ಜಾಗದಲ್ಲಿ ನೀರು ಸಿಗುವ ತನಕ ಒಂದು ಬಾವಿ ತೋಡುತ್ತಾರೆ. ಅದರ ತಳದಿಂದ ತಗ್ಗಿನ ಕಡೆಗೆ ಸುರಂಗ ಕೊರೆಯುತ್ತಾರೆ. ಸುರಂಗಕ್ಕೆ ಇಳಿಜಾರು ಬಹಳ ಕಡಿಮೆ ಇರಬೇಕು. ಹೆಚ್ಚಾದರೆ ನೀರು ರಭಸದಿಂದ ಹರಿದು ಸುರಂಗ ಕೊರೆಯುತ್ತದೆ, ಕಡಿಮೆಯಾದರೆ ನಿಂತುಬಿಡುತ್ತದೆ. ನಡುನಡುವೆ ಮೇಲಿನಿಂದ ನೇರ ಗುಂಡಿಗಳನ್ನು ತೋಡುತ್ತಾರೆ. ಮಣ್ಣು ಎತ್ತಲು, ಒಳಗಿನವರಿಗೆ ಗಾಳಿ ಬೆಳಕು ಸಿಗಲು, ಮುಂದೆ ಹೂಳು ತೆಗೆಯಲು ಅವು ಬೇಕು.

ಇದರಲ್ಲಿ ನೀರನ್ನು ಎತ್ತುವ ಮಾತೇ ಇಲ್ಲ. ನೀರು ತಾನಾಗಿ ಹರಿದು ಬರುತ್ತದೆ. ಇನ್ನೊಂದು ಗುಣವೂ ಇದೆ. ಭೂಮಿ ಎಷ್ಟು ಕೊಡುತ್ತದೋ ಅಷ್ಟೇ ಬರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಹೆಚ್ಚು, ಆಗದ ವರ್ಷ ಕಡಿಮೆ. ಭೂಮಿಯ ಹೊಟ್ಟೆ ಬಗೆದು ಎಳೆಯುವ ಶಕ್ತಿ ಸುರಂಗಕ್ಕಿಲ್ಲ. ನಮ್ಮ ಬೋರ್‌ವೆಲ್‌ಗೂ ಅದಕ್ಕೂ ಇರುವ ವ್ಯತ್ಯಾಸ ಇದೇ.

ಅಲಿಯ ನಂತರ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ತೊರವಿಯ ಹತ್ತಿರವೇ ನವರಸಪುರ ಎಂಬ ಹೊಸ ಊರು ಕಟ್ಟಿಸಲು ಶುರು ಮಾಡಿದ. 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳು ಮಾಡಿದ. ಸಂಗೀತ ಮಹಲಿನ ಗೋಡೆಗಳು ಈಗಲೂ ಅಲ್ಲಿ ನಿಂತಿವೆ.

ಓಣಿಗೊಂದು ಬಾವಡಿ

ಸುರಂಗದ ನೀರೊಂದನ್ನೇ ನಂಬಿ ಊರು ಕೂತಿರಲಿಲ್ಲ. ಕೋಟೆಯ ಒಳಗೆ ನೂರಾರು ಬಾವಿಗಳಿದ್ದವು. ಮೆಟ್ಟಿಲಿರುವ ದೊಡ್ಡ ಬಾವಿಗೆ ಇಲ್ಲಿ ಬಾವಡಿ ಎನ್ನುತ್ತಾರೆ.

ಚಾಂದ್ ಬಾವಡಿಯನ್ನು ಕಟ್ಟಿಸಿದವನು ಒಂದನೇ ಅಲಿ. ಅವನ ಹೆಂಡತಿ ಚಾಂದ್ ಬೀಬಿಯ ಹೆಸರು ಅದಕ್ಕಿದೆ. ತಾಜ್ ಬಾವಡಿ ಎರಡನೇ ಇಬ್ರಾಹಿಂನ ಕಾಲದ್ದು, 1620ರ ಸುಮಾರಿನದು. ಅವನ ಹೆಂಡತಿ ತಾಜ್ ಸುಲ್ತಾನಾಳ ಹೆಸರು ಅದಕ್ಕೆ ಬಂದಿದೆ ಎನ್ನುತ್ತಾರೆ.

ತಾಜ್ ಬಾವಡಿಯನ್ನು ಬಾವಿ ಎಂದರೆ ನೋಡದವರಿಗೆ ಅದರ ಗಾತ್ರ ತಿಳಿಯುವುದಿಲ್ಲ. ಅದು ಒಂದೊಂದು ಮಗ್ಗಲಿಗೆ ಇನ್ನೂರು ಅಡಿಗೂ ಮಿಕ್ಕಿದ ಚೌಕ ಹೊಂಡ. ಆಳ ಐವತ್ತು ಅಡಿಯಷ್ಟು. ಮುಂದೆ ದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಗೋಪುರ. ಪಕ್ಕದಲ್ಲಿ ದಾರಿಹೋಕರು ಉಳಿದುಕೊಳ್ಳಲು ಕೋಣೆಗಳು. ಬೇರೆ ಊರಿನಿಂದ ಸಂತೆಗೆ ಬಂದವರು, ವ್ಯಾಪಾರಿಗಳು ಇಲ್ಲಿ ನೀರು ಕುಡಿದು, ದಣಿವಾರಿಸಿಕೊಂಡು ಹೋಗಬಹುದಿತ್ತು.

ಕೋಟೆಯ ಒಳಗೆ ಬಾವಡಿ ಇರುವುದಕ್ಕೆ ಇನ್ನೊಂದು ಅರ್ಥವೂ ಇತ್ತು. ತೊರವಿ ಇರುವುದು ಕೋಟೆಯ ಹೊರಗೆ. ವೈರಿ ಮುತ್ತಿಗೆ ಹಾಕಿದರೆ ಹೊರಗಿನ ನೀರು ಅವನ ಕೈಯಲ್ಲಿ. ಒಳಗಿನ ಬಾವಿ ಮಾತ್ರ ನಮ್ಮ ಕೈಯಲ್ಲಿ. ಆದ್ದರಿಂದ ಎರಡೂ ಬೇಕಾಗಿತ್ತು.

ಬೇಗಂ ತಲಾಬ್ ಮತ್ತು ಗಂಜ್‌ಗಳು

ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಕಾಲಕ್ಕೆ ಊರು ಇನ್ನೂ ಬೆಳೆದಿತ್ತು. ಅವನ ಆಳ್ವಿಕೆಯಲ್ಲಿ, 1651ರಲ್ಲಿ, ಊರಿನ ದಕ್ಷಿಣಕ್ಕೆ ದೊಡ್ಡ ಕೆರೆಯೊಂದನ್ನು ಕಟ್ಟಿದರು. ಜಹಾನ್ ಬೇಗಂಳ ಹೆಸರಿನ ಆ ಕೆರೆಯೇ ಬೇಗಂ ತಲಾಬ್. ಸುಮಾರು 234 ಎಕರೆ ಹರವಿನದು.

ಕೆರೆಯಿಂದ ಊರಿಗೆ ಮಣ್ಣಿನ ಕೊಳವೆ ಹಾಕಿದರು. ಕುಂಬಾರರು ಸುಟ್ಟು ಮಾಡಿದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತ ಕಲ್ಲು ಗಾರೆಯ ಕವಚ ಕಟ್ಟಿ ನೆಲದಲ್ಲಿ ಹೂತಿದ್ದರು. ಆಳ ಕೆಲವು ಕಡೆ 15 ಅಡಿ, ಕೆಲವು ಕಡೆ 50 ಅಡಿ.

ಮಣ್ಣಿನ ಕೊಳವೆಗೆ ಒಂದು ದೊಡ್ಡ ಶತ್ರು ಎಂದರೆ ನೀರಿನ ಒತ್ತಡ. ಎತ್ತರದಿಂದ ತಗ್ಗಿಗೆ ಮುಚ್ಚಿದ ಕೊಳವೆಯಲ್ಲಿ ನೀರು ಬಂದರೆ ಒತ್ತಡ ಹೆಚ್ಚಾಗಿ ಕೊಳವೆ ಒಡೆಯುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಗಂಜ್‌ಗಳನ್ನು ಕಟ್ಟಿದರು. 25ರಿಂದ 40 ಅಡಿ ಎತ್ತರದ ಈ ಗೋಪುರಗಳೊಳಗೆ ನೀರು ಏರಿ ನಿಲ್ಲುತ್ತಿತ್ತು. ಅಲ್ಲಿ ಒತ್ತಡ ತಗ್ಗುತ್ತಿತ್ತು. ನೀರಿನ ಜೊತೆ ಬಂದ ಮಣ್ಣು ಕಸ ತಳದಲ್ಲಿ ಕೂರುತ್ತಿತ್ತು. ತಿಳಿಯಾದ ನೀರು ಮುಂದಿನ ಕೊಳವೆಗೆ ಹೋಗುತ್ತಿತ್ತು.

ಗಂಜ್‌ನಿಂದ ನೀರು ಅರಮನೆಗೆ, ತೋಟಕ್ಕೆ, ಹೌದಿಗೆ ಹೋಗುತ್ತಿತ್ತು. ಆಸಾರ್ ಮಹಲ್ ಮುಂದಿನ ಹೊಂಡ ಬೇಗಂ ತಲಾಬಿನ ನೀರಿನಿಂದಲೇ ತುಂಬುತ್ತಿತ್ತು.

ಆದರೆ ಗಂಜ್‌ನ ತಳದಲ್ಲಿ ಕೂತ ಹೂಳನ್ನು ತೆಗೆಯಲು ಯಾರಾದರೂ ಇಳಿಯಲೇಬೇಕು. ಸುರಂಗದೊಳಗೆ ಬಿದ್ದ ಕಲ್ಲನ್ನು ಯಾರಾದರೂ ಎತ್ತಲೇಬೇಕು. ಬಾವಡಿಯ ಕೆಸರನ್ನು ಬೇಸಿಗೆಯಲ್ಲಿ ಯಾರಾದರೂ ಬಳಿಯಲೇಬೇಕು. ಸುಲ್ತಾನರ ಹೆಸರು ಶಾಸನಗಳಲ್ಲಿ ಇದೆ. ಈ ಕೆಲಸ ಮಾಡಿದವರ ಹೆಸರು ಎಲ್ಲಿಯೂ ಇಲ್ಲ. ಈ ನೀರಿನ ವ್ಯವಸ್ಥೆ ನಿಂತಿದ್ದು ಮಾತ್ರ ಅವರ ಮೇಲೆ.

ಊರು ಬಿದ್ದಿತು, ಕೊಳವೆ ಕಟ್ಟಿಕೊಂಡಿತು

1685ರಲ್ಲಿ ಮೊಘಲರು ಬಿಜಾಪುರಕ್ಕೆ ಮುತ್ತಿಗೆ ಹಾಕಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದ ಮುತ್ತಿಗೆ 1686ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಕೊನೆಯ ಸುಲ್ತಾನ ಸಿಕಂದರ್ ಶರಣಾದ. ಔರಂಗಜೇಬ್ ಊರನ್ನು ಗೆದ್ದ.

ಆಮೇಲೆ ರಾಜಧಾನಿ ಇಲ್ಲ, ಆಸ್ಥಾನ ಇಲ್ಲ. ಜನ ಊರು ಬಿಟ್ಟರು. ನಿಜಾಮರ ಕೈಗೆ, ಅಲ್ಲಿಂದ ಪೇಶ್ವೆಗಳ ಕೈಗೆ, 19ನೇ ಶತಮಾನದಲ್ಲಿ ಸಾತಾರಾದ ಛತ್ರಪತಿಯ ಕೈಗೆ, 1848ರಲ್ಲಿ ಬ್ರಿಟಿಷರ ಕೈಗೆ ಊರು ದಾಟುತ್ತ ಹೋಯಿತು. ಯಾರಿಗೂ ಇದು ಮುಖ್ಯ ಊರಾಗಿರಲಿಲ್ಲ.

ಇಷ್ಟು ಕಾಲದಲ್ಲಿ ನೀರಿನ ವ್ಯವಸ್ಥೆ ಕಟ್ಟಿಕೊಂಡಿತು. ಅದನ್ನು ತೋಪು ಹೊಡೆದು ಯಾರೂ ಕೆಡವಬೇಕಾಗಿರಲಿಲ್ಲ. ನೋಡಿಕೊಳ್ಳುವವರು ಹೋದರು, ಅಷ್ಟೇ ಸಾಕಾಯಿತು. ಹೂಳು ತುಂಬಿತು, ಬೇರು ನುಗ್ಗಿತು, ಕೊಳವೆಯ ಮೇಲೆ ಹೊಲ ಬಂತು, ಮನೆ ಬಂತು.

ಬರಗಾಲದ ಕೂಲಿಯವರು ಬಿಡಿಸಿದ ನೀರು

1885ರಲ್ಲಿ ಬ್ರಿಟಿಷರು ಜಿಲ್ಲೆಯ ಕೇಂದ್ರವನ್ನು ಕಲಾದಗಿಯಿಂದ ಬಿಜಾಪುರಕ್ಕೆ ತಂದರು. ಹಳೆಯ ಮಹಲುಗಳು ಕಚೇರಿಗಳಾದವು. ಹಾಳು ಬಿದ್ದ ಊರಿಗೆ ಮತ್ತೆ ಜನ ಬರತೊಡಗಿದರು. 1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 23,811.

ಜನ ಬಂದರೆ ನೀರು ಬೇಕು. ಆಗ ಅಧಿಕಾರಿಗಳ ಕಣ್ಣು ಹಳೆಯ ಸುರಂಗ, ಕೊಳವೆಗಳ ಮೇಲೆ ಬಿತ್ತು. 19ನೇ ಶತಮಾನದ ಕೊನೆಯ ಭಾಗ ಈ ಸೀಮೆಗೆ ಬಹಳ ಕೆಟ್ಟ ಕಾಲ. 1876-78ರ ಬರ ಸಾವಿರ ಸಾವಿರ ಜನರನ್ನು ನುಂಗಿತು. ಮತ್ತೆ 1896-97, ಮತ್ತೆ 1899-1900. ಬರಗಾಲದಲ್ಲಿ ಹಸಿದ ಜನರಿಗೆ ಸರ್ಕಾರ ಕೂಲಿ ಕೆಲಸ ಕೊಡುತ್ತಿತ್ತು. ರಸ್ತೆ ಹಾಕುವುದು, ಕಲ್ಲು ಒಡೆಯುವುದು, ಕೆರೆ ತೋಡುವುದು.

ಆದಿಲ್‌ಶಾಹಿ ಕಾಲದ ನೀರಿನ ಕಾಲುವೆಗಳ ಒಂದು ಭಾಗವನ್ನು ಹೀಗೆ ಬರಗಾಲದ ಕಾಮಗಾರಿಯಲ್ಲಿಯೇ ದುರಸ್ತಿ ಮಾಡಿಸಿದರು. ಸ್ವಲ್ಪ ಯೋಚಿಸಿ ನೋಡಿ. ಊರಿನ ಬಾವಿ ಬತ್ತಿ, ಹೊಲ ಒಣಗಿ, ದನ ಸತ್ತು ಕೂಲಿಗೆ ಬಂದ ಜನ. ಅವರ ಕೈಯಿಂದ ಪಟ್ಟಣದ ನೀರಿನ ದಾರಿ ಮತ್ತೆ ತೆರೆಯಿತು. ಆ ನೀರು ಅವರ ಊರಿಗೆ ಹೋಗಲಿಲ್ಲ.

ಭೂತನಾಳ, ಆಮೇಲೆ ಬೋರು

20ನೇ ಶತಮಾನದ ಮೊದಲ ದಶಕಗಳಲ್ಲಿ ಊರಿನ ಉತ್ತರಕ್ಕೆ ಭೂತನಾಳ ಕೆರೆ ಬಂತು. ದಶಕಗಳ ಕಾಲ ಬಿಜಾಪುರ ಕುಡಿದದ್ದು ಈ ಕೆರೆಯ ನೀರು. ಮಳೆ ಬಂದರೆ ಕೆರೆ ತುಂಬುತ್ತಿತ್ತು. ಬರದಿದ್ದರೆ ಬೇಸಿಗೆಯಲ್ಲಿ ತಳ ಕಾಣುತ್ತಿತ್ತು. ಆಗ ಬಾವಡಿಗಳೇ ಗತಿ.

1970ರ ನಂತರ ಬೋರ್‌ವೆಲ್ ಯಂತ್ರ ಬಂತು. ಮೊದಲು ಕೈಪಂಪು, ಆಮೇಲೆ ಮೋಟಾರು. ಕಷ್ಟಕಾಲದಲ್ಲಿ ಬೋರು ನಿಜವಾಗಿಯೂ ಜೀವ ಉಳಿಸಿತು, ಇದನ್ನು ಒಪ್ಪಲೇಬೇಕು. ಹೆಣ್ಣುಮಕ್ಕಳು ಕೊಡ ಹೊತ್ತು ನಡೆಯುವ ದೂರ ಕಡಿಮೆಯಾಯಿತು.

ಆದರೆ ಬೋರು ಸುರಂಗದಂತೆ ಅಲ್ಲ. ಭೂಮಿ ಕೊಟ್ಟಷ್ಟಕ್ಕೆ ಅದು ಸುಮ್ಮನಾಗುವುದಿಲ್ಲ. ಇನ್ನೂರು ಅಡಿಗೆ ನೀರು ಹೋದರೆ ನಾಲ್ಕು ನೂರು ಅಡಿ ಕೊರೆಯುತ್ತೇವೆ. ನೀರಿನ ಮಟ್ಟ ಕೆಳಗಿಳಿದಂತೆ ಮೇಲಿನ ಪದರದ ಬಾವಿಗಳು ಮೊದಲು ಬತ್ತುತ್ತವೆ. ಸುರಂಗದ ಒಸರು ನಿಲ್ಲುವುದೂ ಹೀಗೆಯೇ. ಇದು ತೊರವಿಯ ಕಥೆ ಮಾತ್ರ ಅಲ್ಲ. ನಿಮ್ಮೂರಿನ ತೆರೆದ ಬಾವಿ ಯಾವ ವರ್ಷ ಬತ್ತಿತು ಎಂದು ಮನೆಯ ಹಿರಿಯರನ್ನು ಕೇಳಿ. ಅದರ ಸುತ್ತ ಎಷ್ಟು ಬೋರು ಬಿದ್ದಿದ್ದವು ಎಂದೂ ಕೇಳಿ.

ಕೊಲ್ಹಾರ ಕೊಟ್ಟ ನೀರು

ಈಗ ವಿಜಯಪುರದ ನಳದಲ್ಲಿ ಬರುವ ನೀರಿನ ದೊಡ್ಡ ಪಾಲು ಕೃಷ್ಣೆಯದು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ, ಕೊಲ್ಹಾರದ ಹತ್ತಿರ ಜಾಕ್‌ವೆಲ್ ಕಟ್ಟಿ, ಪಂಪು ಮಾಡಿ, ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಪೈಪಿನಲ್ಲಿ ತರುತ್ತಾರೆ.

ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಕಟ್ಟಿ ಮುಗಿಯಲು ನಾಲ್ಕು ದಶಕ ಬೇಕಾಯಿತು. 519.60 ಮೀಟರ್ ಮಟ್ಟದಲ್ಲಿ ಈಗ ಅಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ.

ಆ ನೀರು ನಿಲ್ಲಲು ಜಾಗ ಬೇಕಲ್ಲ. ಬಾಗಲಕೋಟೆಯ ಹಳೆ ಪೇಟೆಯ ಭಾಗ ಮುಳುಗಿತು. ನದಿ ದಂಡೆಯ ಹಳ್ಳಿಗಳು ಮುಳುಗಿದವು. ಹಳೆಯ ಕೊಲ್ಹಾರವೂ ಮುಳುಗಿತು. ಜನ ಮನೆ, ಹೊಲ, ಗುಡಿ, ಮಸೀದಿ ಬಿಟ್ಟು ಹೊಸ ಊರಿಗೆ ಬಂದರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಕೊಲ್ಹಾರ ಮೊಸರು ಇಂದಿಗೂ ಈ ಭಾಗದಲ್ಲಿ ಹೆಸರುವಾಸಿ. ಆ ಮೊಸರಿಗೆ ಹೆಸರು ತಂದ ನದಿ ದಂಡೆಯ ಹಳೆ ಊರು ಮಾತ್ರ ನೀರಿನ ಕೆಳಗಿದೆ.

ತೊರವಿಯ ನೆಲದ ನೀರು, ಬರಗಾಲದ ಕೂಲಿಯವರ ಬೆವರು, ಕೊಲ್ಹಾರದ ಹೊಲ ಮನೆ. ಪ್ರತಿ ಕಾಲದಲ್ಲಿಯೂ ಈ ಪಟ್ಟಣದ ನೀರಿನ ಹಿಂದೆ ಹಳ್ಳಿಯೊಂದು ಇದೆ. ಪಟ್ಟಣದವರ ಮೇಲೆ ಸಿಟ್ಟಿನಿಂದ ಈ ಮಾತು ಹೇಳುತ್ತಿಲ್ಲ. ಅವರೂ ನಮ್ಮವರೇ. ನಮ್ಮ ಮಕ್ಕಳು ಅಲ್ಲಿಯೇ ಓದುತ್ತಾರೆ, ನಮ್ಮ ಅಣ್ಣ ತಮ್ಮಂದಿರು ಅಲ್ಲಿಯೇ ದುಡಿಯುತ್ತಾರೆ. ಆದರೆ ನಳ ತಿರುಗಿಸುವವರಿಗೆ ಈ ಲೆಕ್ಕ ಗೊತ್ತಿರಬೇಕು.

ನೀರಿಗೇನೂ ಕೊರತೆ ಇಲ್ಲ, ಕೊರತೆ ಬೇರೆ ಕಡೆ

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3,27,427. ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು ಎನ್ನುವುದು ಸರ್ಕಾರದ ಅಳತೆ. ಗುಣಿಸಿದರೆ ದಿನಕ್ಕೆ ಸುಮಾರು 4.4 ಕೋಟಿ ಲೀಟರ್. ಒಂದು ವರ್ಷಕ್ಕೆ ಸುಮಾರು 1,600 ಕೋಟಿ ಲೀಟರ್.

ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಅಂದರೆ ಆ ಜನಸಂಖ್ಯೆಗೆ ಇಡೀ ವರ್ಷಕ್ಕೆ ಬೇಕಾದದ್ದು ಅರ್ಧ ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಜನ ಎರಡು ಪಟ್ಟು ಆದರೂ ಒಂದು ಟಿಎಂಸಿ ಮತ್ತು ಚೂರು. ಆಲಮಟ್ಟಿಯಲ್ಲಿ ನಿಲ್ಲುವುದು 123.

ಹಾಗಾದರೆ ನಗರದ ಬಡಾವಣೆಗಳಿಗೆ ಹಲವು ದಿನಕ್ಕೊಮ್ಮೆ ನೀರು ಬರುವ ಸ್ಥಿತಿ ಯಾಕೆ ಬರುತ್ತದೆ? ಬೇಸಿಗೆಯಲ್ಲಿ ಟ್ಯಾಂಕರ್ ಯಾಕೆ ಓಡಾಡುತ್ತದೆ?

ಮೊದಲ ಕಾರಣ ಎತ್ತರ. ಜಲಾಶಯ ತುಂಬಿದಾಗಲೂ ನೀರಿನ ಮಟ್ಟ 519.60 ಮೀಟರ್. ನಗರ ಇರುವುದು ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಕಡಿಮೆಯೆಂದರೂ 70 ಮೀಟರ್ ಮೇಲಕ್ಕೆ ಎತ್ತಬೇಕು. ಬೇಸಿಗೆಯಲ್ಲಿ ಜಲಾಶಯ ಇಳಿದಾಗ ಇನ್ನೂ ಹೆಚ್ಚು. 4.4 ಕೋಟಿ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ದಿನಕ್ಕೆ ಎಂಟು ಸಾವಿರ ಯೂನಿಟ್‌ಗೂ ಹೆಚ್ಚು ಕರೆಂಟು ಬೇಕು. ಇದು ಬರೀ ಏರಿಕೆಯ ಲೆಕ್ಕ. ಪೈಪಿನ ತಿಕ್ಕಾಟ, ಪಂಪಿನ ನಷ್ಟ ಸೇರಿಸಿದರೆ ನಿಜವಾದ ಖರ್ಚು ಇನ್ನೂ ಮೇಲೆ.

ತೊರವಿಯ ನೀರು ಮೇಲಿನಿಂದ ಕೆಳಗೆ ತಾನಾಗಿ ಬರುತ್ತಿತ್ತು. ಕೃಷ್ಣೆಯ ನೀರು ಕೆಳಗಿನಿಂದ ಮೇಲಕ್ಕೆ ದುಡ್ಡು ಕೊಟ್ಟರೆ ಬರುತ್ತದೆ. ಕರೆಂಟು ಹೋದರೆ, ಮೋಟಾರು ಸುಟ್ಟರೆ, ಪೈಪು ಒಡೆದರೆ ಜಲಾಶಯ ತುಂಬಿ ತುಳುಕುತ್ತಿದ್ದರೂ ನಗರ ಒಣಗುತ್ತದೆ.

ಎರಡನೇ ಕಾರಣ ಒಳಗಿನ ಕೊಳವೆ. ಟ್ಯಾಂಕ್ ತನಕ ಬಂದ ನೀರು ಮನೆಯ ತನಕ ಹೋಗುವಾಗ ಎಷ್ಟೋ ಸೋರಿಹೋಗುತ್ತದೆ. ಹಳೆಯ ಪೈಪು, ಸಡಿಲ ಜೋಡಣೆ, ಕದ್ದು ಹಾಕಿದ ಸಂಪರ್ಕ. ಇದು ವಿಜಯಪುರ ಒಂದರ ರೋಗವಲ್ಲ, ನಮ್ಮ ಬಹುತೇಕ ಊರುಗಳ ರೋಗ.

ಮೂರನೇ ಕಾರಣ, ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಹೊಸ ನೀರು ಬಂದ ಕೂಡಲೇ ಹಳೆಯ ನೀರನ್ನು ಕೈಬಿಡುವ ಚಾಳಿ. ಆದಿಲ್‌ಶಾಹಿ ಊರಿಗೆ ಸುರಂಗ, ಕೆರೆ, ಬಾವಡಿ ಮೂರೂ ಒಟ್ಟಿಗೆ ಇದ್ದವು. ಒಂದು ಕೈಕೊಟ್ಟರೆ ಇನ್ನೊಂದು ಇತ್ತು. ನಾವು ಒಂದು ಬಂದಾಗ ಇನ್ನೊಂದನ್ನು ಕಸದ ಗುಂಡಿ ಮಾಡಿದೆವು.

ಬಾವಡಿಗೆ ಬಿದ್ದ ಕಸ

ನಳ ಬಂದ ಮೇಲೆ ಬಾವಡಿಗಳಿಗೆ ಆದದ್ದು ಇದೇ. ಕೆಲವನ್ನು ಮುಚ್ಚಿ ಮೇಲೆ ಕಟ್ಟಡ ಎಬ್ಬಿಸಿದರು. ಉಳಿದವುಗಳಿಗೆ ಕಸ, ಪ್ಲಾಸ್ಟಿಕ್, ಚರಂಡಿ ನೀರು ಬಿತ್ತು. ತಾಜ್ ಬಾವಡಿಯಂಥ ತಾಜ್ ಬಾವಡಿಯಲ್ಲಿಯೂ ಬಟ್ಟೆ ಒಗೆದರು, ಗಣಪತಿ ಮೂರ್ತಿ ಬಿಟ್ಟರು. ನೀರು ಹಸಿರುಗಟ್ಟಿ ನಾತ ಹೊಡೆಯಿತು.

2010ರ ದಶಕದಲ್ಲಿ ಸ್ವಲ್ಪ ಗಾಳಿ ಬದಲಾಯಿತು. ಸತತ ಬರ ಬಿದ್ದಾಗ ಜಿಲ್ಲೆಗೆ ಹಳೆಯ ಬಾವಿಗಳ ನೆನಪು ಬಂತು. ತಾಜ್ ಬಾವಡಿ ಸೇರಿ ಹಲವು ಬಾವಡಿಗಳ ನೀರು ಹೊರಹಾಕಿ ಹೂಳೆತ್ತಿದರು. ಶತಮಾನಗಳ ಕೆಸರು ತೆಗೆದ ಮೇಲೆ ಕೆಳಗೆ ಮತ್ತೆ ಒಸರು ಕಂಡಿತು. ಕುಡಿಯಲು ಅಲ್ಲದಿದ್ದರೂ ಬಳಕೆಗೆ ಈ ನೀರು ಆಗುತ್ತದೆ ಎನ್ನುವುದು ಗೊತ್ತಾಯಿತು. ಏತ ನೀರಾವರಿಯ ಪೈಪಿನಿಂದ ಕೃಷ್ಣೆಯ ನೀರು ತಂದು ಬೇಗಂ ತಲಾಬನ್ನು ತುಂಬಿಸಿದರು. ಕೆರೆ ತುಂಬಿದರೆ ಸುತ್ತಲಿನ ಬಾವಿ ಬೋರುಗಳಿಗೂ ಜೀವ ಬರುತ್ತದೆ.

ಇದು ಒಳ್ಳೆಯ ಕೆಲಸ. ಆದರೆ ಒಮ್ಮೆ ಹೂಳೆತ್ತಿ ಫೋಟೋ ತೆಗೆದು ಬಿಟ್ಟರೆ ಹತ್ತು ವರ್ಷದಲ್ಲಿ ಮತ್ತೆ ಹಳೆಯ ಸ್ಥಿತಿ. 1686ರ ನಂತರ ಆದದ್ದನ್ನೇ ನಾವು ಮತ್ತೆ ಮಾಡಿದಂತೆ. ವ್ಯವಸ್ಥೆ ಹಾಳಾಗಲು ಯುದ್ಧ ಬೇಕಾಗಿಲ್ಲ. ನೋಡಿಕೊಳ್ಳುವವರು ಇಲ್ಲದಿದ್ದರೆ ಸಾಕು.

ಇದು ನಮ್ಮೂರಿಗೂ ಯಾಕೆ ಬೇಕು

ವಿಜಯಪುರ ಅರವತ್ತು ಎಪ್ಪತ್ತು ವರ್ಷಗಳಲ್ಲಿ ದಾಟಿದ ದಾರಿಯನ್ನು ಈಗ ನಮ್ಮ ಹಳ್ಳಿಗಳು ಹತ್ತೇ ವರ್ಷದಲ್ಲಿ ದಾಟುತ್ತಿವೆ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಎಂದು ಹೆಸರು. ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆ ಬಾಗಿಲಿಗೆ ಎನ್ನುವುದು ಗುರಿ. ಪಟ್ಟಣಕ್ಕೆ 135, ಹಳ್ಳಿಗೆ 55. ಈ ಎರಡು ಅಂಕಿ ಯಾಕೆ ಬೇರೆ ಬೇರೆ ಎಂದು ಕೇಳುವ ಹಕ್ಕು ನಮಗಿದೆ.

ಆದರೂ ನಳ ಬರುವುದು ದೊಡ್ಡ ವಿಷಯ. ಕೊಡ ಹೊತ್ತ ತಾಯಂದಿರ ಬೆನ್ನು ನೋವು ಬಲ್ಲ ಯಾರೂ ನಳ ಬೇಡ ಎನ್ನುವುದಿಲ್ಲ. ನಮ್ಮ ಮಾತು ಇಷ್ಟೇ: ನಳ ಬಂತೆಂದು ಬಾವಿಯನ್ನು ಮುಚ್ಚಬೇಡಿ.

ಹಲವು ಹಳ್ಳಿಗಳಿಗೆ ಒಂದೇ ನದಿಯಿಂದ, ಒಂದೇ ಜಾಕ್‌ವೆಲ್‌ನಿಂದ ನೀರು ತರುವ ಬಹುಗ್ರಾಮ ಯೋಜನೆಗಳು ಈಗ ಹೆಚ್ಚು. ಅಲ್ಲಿ ಒಂದು ಮೋಟಾರು ಕೆಟ್ಟರೆ ಇಪ್ಪತ್ತು ಮೂವತ್ತು ಊರು ಒಟ್ಟಿಗೆ ಬಾಯಾರುತ್ತವೆ. ಆ ದಿನ ಊರಿನ ಬಾವಿ, ಊರಿನ ಕೆರೆ ಬಿಟ್ಟರೆ ಬೇರೆ ದಿಕ್ಕಿಲ್ಲ.

ಗ್ರಾಮಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಇವೆ. ನಮ್ಮೂರಿನಲ್ಲಿ ಎಷ್ಟು ಸರ್ಕಾರಿ ಬಾವಿ, ಎಷ್ಟು ಕೆರೆ ಕುಂಟೆ ದಾಖಲೆಯಲ್ಲಿ ಇವೆ? ನೆಲದ ಮೇಲೆ ಎಷ್ಟು ಉಳಿದಿವೆ? ನಳದ ಯೋಜನೆಗೆ ಬಂದ ಹಣದಲ್ಲಿ ದುರಸ್ತಿಗೆ ಎಷ್ಟು ಇಟ್ಟಿದ್ದಾರೆ? ಪಂಪ್ ಆಪರೇಟರ್‌ಗೆ, ಅಂದರೆ ನಮ್ಮ ನೀರಗಂಟಿಗೆ, ತಿಂಗಳ ಸಂಬಳ ಸರಿಯಾಗಿ ಬರುತ್ತಿದೆಯೇ? ನೀರಿನ ಪರೀಕ್ಷೆ ಕೊನೆಯ ಸಲ ಯಾವಾಗ ಆಯಿತು? ಉದ್ಯೋಗ ಖಾತ್ರಿ ಕೆಲಸದಲ್ಲಿ ಹಳೆಯ ಬಾವಿಯ ಹೂಳೆತ್ತಿಸಬಹುದೇ?

ಕೊನೆಯ ಪ್ರಶ್ನೆ ಹೊಸದೇನಲ್ಲ. ನೂರು ಚಿಲ್ಲರೆ ವರ್ಷಗಳ ಹಿಂದೆ ಬರಗಾಲದ ಕೂಲಿಯವರು ಬಿಜಾಪುರದ ನೀರಿನ ದಾರಿ ಬಿಡಿಸಿದ್ದನ್ನು ಮೇಲೆ ಓದಿದಿರಿ. ಆಗ ಅವರ ಊರಿಗೆ ನೀರು ಸಿಗಲಿಲ್ಲ. ಈಗ ಅದೇ ರೀತಿಯ ಕೂಲಿಯಲ್ಲಿ ನಮ್ಮೂರಿನ ಬಾವಿಯನ್ನೇ ನಾವು ಬಿಡಿಸಿಕೊಳ್ಳಬಹುದು.

ಮುಂದಿನ ಸಲ ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ನೋಡಿ, ತಪ್ಪಿಲ್ಲ. ಆದರೆ ಮಕ್ಕಳನ್ನು ಒಂದು ಗಂಜ್ ಹತ್ತಿರಕ್ಕೂ ಕರೆದುಕೊಂಡು ಹೋಗಿ. ಇದರೊಳಗೆ ಒಂದು ಕಾಲಕ್ಕೆ ನೀರು ಏರಿ ಇಳಿಯುತ್ತಿತ್ತು ಎಂದು ಹೇಳಿ. ಅದು ಯಾಕೆ ನಿಂತಿತು ಎಂದು ಮಕ್ಕಳು ಕೇಳಿದರೆ, ಹೂಳು ತೆಗೆಯುವವರನ್ನು ನಾವು ಕೈಬಿಟ್ಟೆವು ಎಂದು ಹೇಳಿ.